ಕನ್ನಡ ಬಿಲ್‌ನ ಪಿಡಿಎಫ್‌ಗೆ ಯಾವ ಲೈಬ್ರರಿ? ಐಟೆಕ್ಸ್ಟ್, ಪಿಡಿಎಫ್‌ಬಾಕ್ಸ್, ಓಪನ್‌ಪಿಡಿಎಫ್

ಅಂಗಡಿಗಳಿಗೆ ಮಾರುವ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಕನ್ನಡ ಬಿಲ್ ಪಿಡಿಎಫ್ ಆಗಿ ಬರಬೇಕಿತ್ತು. ನಮ್ಮ ಕೋಡ್ ಜಾವಾ ಭಾಷೆಯದ್ದು. ಹಾಗಾಗಿ ಈ ಮೂರು ಲೈಬ್ರರಿಗಳನ್ನು (ನಮ್ಮ ಕೋಡ್‌ಗೆ ಸೇರಿಸಿಕೊಳ್ಳುವ ಸಿದ್ಧ ಕೋಡ್) ಹಾಕಿ ನೋಡಿದೆ. ಮೂರೂ ಓಪನ್ ಸೋರ್ಸ್, ಮೂರೂ ಪುಕ್ಕಟೆ ಸಿಗುತ್ತವೆ. ಆದರೆ ದುಡ್ಡಿಗೆ ಮಾರುವವರಿಗೆ ಮೂರರ ಷರತ್ತೂ ಬೇರೆ ಬೇರೆ.

ಸೌಲಭ್ಯ ಜಾಸ್ತಿ ಇರುವುದು ಐಟೆಕ್ಸ್ಟ್‌ನಲ್ಲೇ. ಆದರೆ 2009ರಲ್ಲಿ ಬಂದ 5ನೇ ಆವೃತ್ತಿಯಿಂದ ಅದು ಎಜಿಪಿಎಲ್ ಲೈಸೆನ್ಸ್‌ನಲ್ಲಿದೆ. ಎಜಿಪಿಎಲ್ ಅಂದರೆ ವ್ಯಾಪಾರಕ್ಕೆ ಬಳಸಲೇಬಾರದು ಅಂತ ಹಲವರು ತಿಳಿದಿದ್ದಾರೆ. ಹಾಗಿಲ್ಲ. ಮಾರಬಹುದು, ಆದರೆ ಅದನ್ನು ಸೇರಿಸಿ ಕಟ್ಟಿದ ಸಾಫ್ಟ್‌ವೇರ್‌ನ ಪೂರ್ತಿ ಸೋರ್ಸನ್ನೂ (ಮೂಲ ಕೋಡ್) ಅದೇ ಲೈಸೆನ್ಸ್‌ನಡಿ ಗ್ರಾಹಕರಿಗೆ ಕೊಡಬೇಕು. ಸರ್ವರ್‌ನಲ್ಲಿ ಇಟ್ಟುಕೊಂಡೇ ನಡೆಸುತ್ತೇವೆ ಅಂದರೂ ಬಿಡುವುದಿಲ್ಲ. ಜಿಪಿಎಲ್ ಅನ್ನೋ ಲೈಸೆನ್ಸ್‌ನಲ್ಲಿದ್ದ ಆ ಸಂದಿಯನ್ನು ಮುಚ್ಚೋಕೇ ಎಜಿಪಿಎಲ್ ಬಂದಿದ್ದು. ಸೋರ್ಸ್ ಕೊಡಲು ಇಷ್ಟವಿಲ್ಲದಿದ್ದರೆ ಕಮರ್ಷಿಯಲ್ ಲೈಸೆನ್ಸ್ ಕೊಳ್ಳಬೇಕು. ಕನ್ನಡದ ಒತ್ತಕ್ಷರ ಸರಿಯಾಗಿ ಕೂರಲು ಪಿಡಿಎಫ್‌ಕ್ಯಾಲಿಗ್ರಾಫ್ ಅನ್ನೋ ಆಡ್-ಆನ್ ಬೇರೆ ಬೇಕು. ದೊಡ್ಡ ಕಂಪನಿಗೆ ಇದು ಒಳ್ಳೇ ದಾರಿ. ದುಡ್ಡು ಕೊಟ್ಟರೆ ಸಪೋರ್ಟ್ ಕೂಡ ಸಿಗುತ್ತದೆ, ಲೈಬ್ರರಿ ಬರೆದವರಿಗೂ ಊಟ ಹುಟ್ಟುತ್ತದೆ. ಸಣ್ಣವರಿಗೆ ಕಷ್ಟ.

ಲೈಸೆನ್ಸ್ ಮಟ್ಟಿಗೆ ಪಿಡಿಎಫ್‌ಬಾಕ್ಸ್ ತುಂಬಾ ಸಲೀಸು. ಅದರದ್ದು ಅಪಾಚೆ 2.0 ಲೈಸೆನ್ಸ್. ಲೈಸೆನ್ಸ್ ಪ್ರತಿ, ನೋಟಿಸ್ ಫೈಲ್ ಜೊತೆಗಿಟ್ಟರಾಯಿತು, ನಮ್ಮ ಕೋಡ್ ನಮ್ಮಲ್ಲೇ ಇರುತ್ತದೆ. ಇಂಗ್ಲಿಷ್ ಬಿಲ್ ಆಗಿದ್ದರೆ ಕಣ್ಣು ಮುಚ್ಚಿ ಇದನ್ನೇ ಹಾಕುತ್ತಿದ್ದೆ. ಕನ್ನಡದಲ್ಲಿ ಎಡವಿತು. ‘ಅಕ್ಕಿ’ ಅಂತ ಬರೆದರೆ ಕ ಒತ್ತು ಕೆಳಗೆ ಹೋಗದೆ ಎರಡು ಕಕಾರ ಅಕ್ಕಪಕ್ಕ ನಿಂತವು, ಗುಡಿಸು ಬೇರೆಯಾಗಿ ಬಿತ್ತು. ಅಂಗಡಿಯವರ ಕೈಗೆ ಇಂಥ ಬಿಲ್ ಕೊಡೋಕಾಗುತ್ತಾ?

ಕೊನೆಗೆ ಉಳಿದಿದ್ದು ಓಪನ್‌ಪಿಡಿಎಫ್. ಲೈಸೆನ್ಸ್ ಬದಲಾಗುವ ಮುಂಚಿನ ಐಟೆಕ್ಸ್ಟ್ 4ರಿಂದ ಕವಲೊಡೆದ ಲೈಬ್ರರಿ ಇದು. ಎಲ್‌ಜಿಪಿಎಲ್ ಅಥವಾ ಎಂಪಿಎಲ್, ಈ ಎರಡು ಲೈಸೆನ್ಸ್‌ಗಳಲ್ಲಿ ಬೇಕಾದ್ದನ್ನು ನಾವೇ ಆರಿಸಿಕೊಳ್ಳಬಹುದು. ನಾನು ಎಂಪಿಎಲ್ ಆರಿಸಿದೆ. ಅದರ ಲೆಕ್ಕ ಫೈಲ್‌ಗೆ ಸೀಮಿತ. ಲೈಬ್ರರಿಯ ಯಾವ ಫೈಲ್ ತಿದ್ದುತ್ತೇವೋ ಅದರ ಸೋರ್ಸ್ ಕೊಡಬೇಕು, ನಮ್ಮ ಸ್ವಂತ ಫೈಲ್‌ಗಳನ್ನು ಕೊಡಬೇಕಿಲ್ಲ. ಏನೂ ತಿದ್ದದಿದ್ದರೂ ಲೈಬ್ರರಿಯ ಸೋರ್ಸ್ ಎಲ್ಲಿ ಸಿಗುತ್ತದೆ ಅಂತ ಗ್ರಾಹಕರಿಗೆ ತಿಳಿಸಬೇಕು. ‘ಅಬೌಟ್’ ಪುಟದಲ್ಲಿ ಅದನ್ನು ಹಾಕಿದ್ದೇವೆ. ಎಲ್‌ಜಿಪಿಎಲ್ ಆರಿಸುವವರು ಒಂದು ಗಮನಿಸಿ: ‘ರಿವರ್ಸ್ ಎಂಜಿನಿಯರಿಂಗ್ ಮಾಡುವಂತಿಲ್ಲ’ (ಸಾಫ್ಟ್‌ವೇರ್ ಬಿಚ್ಚಿ ಒಳಗೆ ಹೇಗಿದೆ ಅಂತ ನೋಡುವಂತಿಲ್ಲ) ಅಂತ ಗ್ರಾಹಕರ ಒಪ್ಪಂದದಲ್ಲಿ ಸುಮ್ನೆ ಸಾರಾಸಗಟಾಗಿ ಬರೆಯೋ ಹಾಗಿಲ್ಲ. ಲೈಬ್ರರಿ ಬದಲಿಸಿಕೊಂಡು ಡೀಬಗ್ ಮಾಡುವ (ದೋಷ ಹುಡುಕಿ ಸರಿಪಡಿಸುವ) ಹಕ್ಕನ್ನು ಆ ಲೈಸೆನ್ಸ್ ಗ್ರಾಹಕರಿಗೆ ಕೊಡುತ್ತದೆ.

ಒತ್ತಕ್ಷರಕ್ಕೆ ಓಪನ್‌ಪಿಡಿಎಫ್‌ನ ಲೇಔಟ್‌ಪ್ರೊಸೆಸರ್ ಆನ್ ಮಾಡಬೇಕು. ಅಕ್ಷರ ಜೋಡಿಸುವ ಕೆಲಸವನ್ನು ಅದು ಜಾವಾಗೇ ಬಿಡುತ್ತದೆ. ಜಾವಾ 9ರಿಂದ ಒಳಗೆ ಅಕ್ಷರ ಜೋಡಿಸುವ ಹಾರ್ಫ್‌ಬಝ್ ಅನ್ನೋ ಲೈಬ್ರರಿ ಇರುವುದರಿಂದ ‘ಅಕ್ಕಿ’ ಅಕ್ಕಿಯಾಗೇ ಬಂತು.

ಫಾಂಟ್ ನೋಟೋ ಸ್ಯಾನ್ಸ್ ಕನ್ನಡ ಹಾಕಿದೆ. ಅದರ ಓಎಫ್‌ಎಲ್ ಲೈಸೆನ್ಸ್ ಪ್ರಕಾರ ಫಾಂಟನ್ನಷ್ಟೇ ಮಾರುವಂತಿಲ್ಲ. ಸಾಫ್ಟ್‌ವೇರ್ ಜೊತೆ ಸೇರಿಸಿ ಮಾರಬಹುದು, ಬಿಲ್ ಒಳಗೂ ಇಡಬಹುದು.