13.1ಕ್ಕೆ ಇಳಿದ ಮೈಲೇಜು: ಕಂಪನಿ ಸರ್ವಿಸ್, ಗೋಕುಲ ರೋಡ್ ಗ್ಯಾರೇಜು, ನನ್ನ ಕೈಯ ಪಾನಾ

ನನ್ನದು 2018ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. 74 ಸಾವಿರ ಕಿಲೋಮೀಟರ್ ಓಡಿದೆ. ಮನೆ ಧಾರವಾಡದ ಸಪ್ತಾಪುರದಲ್ಲಿ, ಕೆಲಸ ಹುಬ್ಬಳ್ಳಿಯ ವಿದ್ಯಾನಗರದ ಕಡೆ. ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸಿಗೆ ಯಾಕೆ ಹೋಗಲ್ಲ ಅಂತ ಕೇಳಬೇಡಿ, ಹೋಗುತ್ತೇನೆ, ಆದರೆ ಸಂಜೆ ಮಗಳನ್ನು ಕ್ಲಾಸಿನಿಂದ ಕರೆತರುವ ದಿನ ಗಾಡಿ ಬೇಕೇ ಬೇಕು. ಅದು ಇದು ಸೇರಿ ತಿಂಗಳಿಗೆ 900 ಕಿ.ಮೀ. ಆಗುತ್ತದೆ.

ಹಳೇ ಲೆಕ್ಕದ ಪ್ರಕಾರ ಲೀಟರಿಗೆ 16.8 ಕೊಡುತ್ತಿತ್ತು. ಡ್ಯಾಶ್‌ಬೋರ್ಡ್ ತೋರಿಸುವ ನಂಬರನ್ನು ನಾನು ನಂಬುವುದಿಲ್ಲ. ಒಂದೇ ಪಂಪು, ನಳಿಗೆ ತಾನೇ ಕಟ್ ಆಗುವವರೆಗೆ ಫುಲ್ ಟ್ಯಾಂಕ್, ಟ್ರಿಪ್ ಮೀಟರ್ ಸೊನ್ನೆ, ಮುಂದಿನ ಸಲ ಮತ್ತೆ ಅದೇ ಪಂಪಿನಲ್ಲಿ ಫುಲ್, ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸುವುದು. ಇಷ್ಟೇ. 2025ರ ಜುಲೈನಲ್ಲಿ ಹೀಗೆ ಲೆಕ್ಕ ಹಾಕಿದರೆ 13.1 ಬಂತು. ತಪ್ಪಿರಬೇಕು ಅಂತ ಇನ್ನೊಂದು ಟ್ಯಾಂಕ್ ನೋಡಿದೆ, 13.2. ಲೀಟರಿಗೆ 103 ರೂಪಾಯಿ ಹತ್ತಿರ ಇದ್ದಾಗ ತಿಂಗಳಿಗೆ 15 ಲೀಟರ್ ಜಾಸ್ತಿ, ಅಂದರೆ ಒಂದೂವರೆ ಸಾವಿರ ರೂಪಾಯಿ ಸುಮ್ನೆ ಹೊಗೆ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೆ ಏರಿಸಿ ಲೀಟರಿಗೆ ಮೂರು ರೂಪಾಯಿ ಹೆಚ್ಚಾದಾಗ ನಾನು ಎಷ್ಟು ಗೊಣಗಿದ್ದೆ ಗೊತ್ತಾ? ಈ ಹೊಡೆತದ ಮುಂದೆ ಅದು ಏನೂ ಅಲ್ಲ.

ಆಫೀಸಿನಲ್ಲಿ ಎಲ್ಲರದೂ ಒಂದೇ ಉತ್ತರ: ಇ20, ಅಂದರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ನಾನೂ ಒಂದು ವಾರ ಹಾಗೇ ಬೈದುಕೊಂಡು ಓಡಾಡಿದೆ. ಆಮೇಲೆ ಕೂತು ಲೆಕ್ಕ ಹಾಕಿದರೆ ಅದು ಕೂಡುವುದೇ ಇಲ್ಲ. ಒಂದು ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿ ಇರುತ್ತದೆ. ಮೊದಲು ಶೇ. 10 ಇದ್ದದ್ದು ಈಗ 20 ಆಗಿದೆ ಅಂದರೆ ಲೆಕ್ಕದಲ್ಲಿ ಬೀಳಬೇಕಾದ್ದು ಶೇ. 3-4. ಎಥನಾಲ್ ಇಲ್ಲದ ಪೆಟ್ರೋಲಿಗೆ ಅಂತ ಮಾಡಿ, ಶೇ. 10ಕ್ಕೆ ಹೊಂದಿಸಿದ ಹಳೇ ಕಾರುಗಳಿಗೆ ನೀತಿ ಆಯೋಗದ 2021ರ ವರದಿ ಹೇಳಿದ್ದೂ ಶೇ. 6-7. ನನ್ನ ಗಾಡಿಯದು ಬಿದ್ದಿದ್ದು ಶೇ. 22. ಉಳಿದದ್ದು ಎಲ್ಲಿ ಹೋಯಿತು?

ಮೊದಲು ಕಂಪನಿ ಸರ್ವಿಸ್ ಸೆಂಟರಿಗೆ ಹೋದೆ. ಹೆಸರು ಬೇಡ. ಎಸಿ ಕೋಣೆ, ಕಾಫಿ, ಟೈ ಕಟ್ಟಿದ ಹುಡುಗ, ಟ್ಯಾಬ್. ನಾನು ಕಥೆ ಹೇಳುತ್ತಿದ್ದರೆ ಅವನು ಟ್ಯಾಬ್‌ನಲ್ಲಿ ಟಿಕ್ ಹಾಕುತ್ತಿದ್ದ. ಮೈಲೇಜ್ ಕಡಿಮೆ ಅಂದ ಕೂಡಲೇ ಅವನ ಬಳಿ ಒಂದು ಪ್ಯಾಕೇಜ್ ರೆಡಿ ಇತ್ತು: ಇಂಜೆಕ್ಟರ್ ಕ್ಲೀನಿಂಗ್, ಥ್ರಾಟಲ್ ಬಾಡಿ ಕ್ಲೀನಿಂಗ್, ಸ್ಪಾರ್ಕ್ ಪ್ಲಗ್, ಅಲೈನ್‌ಮೆಂಟ್. ಸ್ಕ್ಯಾನರ್ ಹಚ್ಚಿದರು, ದೋಷ ತೋರಿಸುವ ಕೋಡ್ ಏನೂ ಬರಲಿಲ್ಲ. ಸಂಜೆ ಹೇಳಿದ ಟೈಮಿಗೆ, ತೊಳೆದು ಒರೆಸಿದ ಗಾಡಿ ಕೊಟ್ಟರು. ಬಿಲ್ಲು 7,240. ಎಲ್ಲ ಸಾಲು ಸಾಲಾಗಿ ಪ್ರಿಂಟ್ ಆಗಿತ್ತು, ಅದರಲ್ಲಿ ಮೋಸ ಇಲ್ಲ. ಪ್ಲಗ್ಗುಗಳು ಹೇಗೂ ಬದಲಾಗಬೇಕಿದ್ದವು, ಅದನ್ನೂ ಒಪ್ಪುತ್ತೇನೆ. ಮುಂದಿನ ಟ್ಯಾಂಕ್: 13.4.

ಫೋನ್ ಮಾಡಿದರೆ 'ಸರ್, ಟ್ರಾಫಿಕ್ ಇದೆಯಲ್ಲ, ಡ್ರೈವಿಂಗ್ ಸ್ಟೈಲ್ ಮೇಲೆ ಹೋಗುತ್ತೆ' ಅಂದರು. ಚನ್ನಮ್ಮ ಸರ್ಕಲ್ ಹತ್ತಿರ ಫ್ಲೈಓವರ್ ಕೆಲಸದಿಂದ ಆಗ ಗಾಡಿಗಳು ಇರುವೆ ಸಾಲಿನಂತೆ ನಿಲ್ಲುತ್ತಿದ್ದದ್ದು ನಿಜ. ಆದರೆ ನಾನು ದಿನಾ ಅಲ್ಲಿಗೆ ಹೋಗುವುದೇ ಇಲ್ಲ, ವಿದ್ಯಾನಗರಕ್ಕೇ ನಿಲ್ಲುತ್ತೇನೆ. ಇದನ್ನು ಅವರು ಕೇಳಲೇ ಇಲ್ಲ.

ಆಮೇಲೆ ತಮ್ಮ ಹೇಳಿದ ಅಂತ ಗೋಕುಲ ರೋಡ್ ಕಡೆಯ ಒಂದು ಗ್ಯಾರೇಜಿಗೆ ಹೋದೆ. ಮೇಲೆ ತಗಡು, ಕೆಳಗೆ ಆಯಿಲ್ ಕುಡಿದು ಕಪ್ಪಾದ ಮಣ್ಣು, ಕೂರಲು ಯಾವುದೋ ವ್ಯಾನಿನ ಹಳೇ ಸೀಟು. ಮಿಸ್ತ್ರಿ ಬಾನೆಟ್ ತೆಗೆಯಲಿಲ್ಲ. ಮೊದಲು ಕೇಳಿದ್ದು, 'ಆವರೇಜ್ ಯಾವಾಗಿಂದ ಬಿದ್ದೈತ್ರಿ ಸರ? ಅದಕ್ಕೂ ಮೊದಲ ಗಾಡಿಗೆ ಏನರ ಕೆಲಸಾ ಮಾಡಿಸಿದ್ರೇನು?'

ಆಗ ನೆನಪಾಯಿತು. ಮೇ ತಿಂಗಳಲ್ಲಿ ಗದಗಿಗೆ ಮದುವೆಗೆ ಹೋಗುವಾಗ ಅಣ್ಣಿಗೇರಿ ಹತ್ತಿರ ರೇಡಿಯೇಟರ್ ಪೈಪ್ ಒಡೆದು ಗಾಡಿ ಬಿಸಿಯಾಗಿ ನಿಂತಿತ್ತು. ರಸ್ತೆ ಪಕ್ಕದ ಒಬ್ಬರು ಬಿಸಿಲಲ್ಲಿ ಬಂದು ಪೈಪ್ ಹಾಕಿಕೊಟ್ಟಿದ್ದರು. ಮುಹೂರ್ತಕ್ಕೆ ತಲುಪಿಸಿದ ಪುಣ್ಯಾತ್ಮ ಅಂತ ನಾನು ನೂರು ರೂಪಾಯಿ ಜಾಸ್ತಿಯೇ ಕೊಟ್ಟು ಬಂದಿದ್ದೆ. ಇನ್ನೊಂದು ವಿಷಯ ಇದೆ. ನನ್ನ ಗಾಡಿಯಲ್ಲಿ ಟೆಂಪರೇಚರ್ ಮುಳ್ಳಿಲ್ಲ, ಇಂಜಿನ್ ತಣ್ಣಗಿರುವವರೆಗೆ ಉರಿಯುವ ಒಂದು ನೀಲಿ ದೀಪ ಇದೆ ಅಷ್ಟೇ. ಮೊದಲು ಅದು ಮನೆ ಹತ್ತಿರದ ಕೆಸಿಡಿ (ಕರ್ನಾಟಕ ಕಾಲೇಜು) ದಾಟುವಷ್ಟರಲ್ಲಿ ಆರುತ್ತಿತ್ತು. ಈಗೀಗ ಹುಬ್ಬಳ್ಳಿ ದಾರಿಯ ನವಲೂರು ಬಂದರೂ ಉರಿಯುತ್ತಿತ್ತು. ಧಾರವಾಡದ ಮಳೆ, ಚಳಿ, ಇರಬಹುದು ಅಂತ ನಾನು ತಲೆ ಕೆಡಿಸಿಕೊಂಡಿರಲಿಲ್ಲ. ಬೈಪಾಸಿನಲ್ಲಿ ಹೋದ ಒಂದು ದಿನವಂತೂ ಆರಿದ ದೀಪ ಮತ್ತೆ ಹೊತ್ತಿಕೊಂಡಿತ್ತು.

ಇದನ್ನು ಕೇಳಿ ಮಿಸ್ತ್ರಿ ನಕ್ಕ. ಗಾಡಿ ಅಲ್ಲೇ ಬಿಟ್ಟು ಹೋಗಿ, ಬೆಳಿಗ್ಗೆ ಇಂಜಿನ್ ಆರಿದ ಮೇಲೆ ನೋಡೋಣ ಅಂದ. ಮರುದಿನ ಸ್ಟಾರ್ಟ್ ಮಾಡಿ ರೇಡಿಯೇಟರ್‌ಗೆ ಹೋಗುವ ಮೇಲಿನ ಪೈಪ್ ಮೇಲೆ ನನ್ನ ಕೈ ಇಡಿಸಿದ. ಥರ್ಮೋಸ್ಟಾಟ್ (ಇಂಜಿನ್ ಕಾಯುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದ ವಾಲ್ವ್) ಸರಿ ಇದ್ದರೆ ಆ ಪೈಪ್ ಹಲವು ನಿಮಿಷ ತಣ್ಣಗೇ ಇದ್ದು, ಇಂಜಿನ್ ನೀರು 80 ಡಿಗ್ರಿ ದಾಟಿ ವಾಲ್ವ್ ತೆರೆದ ಮೇಲೆ ಒಮ್ಮೆಲೇ ಬಿಸಿಯಾಗಬೇಕು. ನನ್ನದು ಮೊದಲ ನಿಮಿಷದಿಂದಲೇ ಉಗುರುಬೆಚ್ಚಗೆ. ಬಿಚ್ಚಿ ನೋಡಿ ಕರೆದ: 'ಬರ್ರಿ ಸರ ಇಲ್ಲೆ. ವಾಲ್ ಕೆಟ್ಟಿಲ್ರೀ. ವಾಲ್ ಇಲ್ಲಾ ಇಲ್ಲ!'

ಅಣ್ಣಿಗೇರಿ ಹತ್ತಿರ ಸಿಕ್ಕವರು ಥರ್ಮೋಸ್ಟಾಟನ್ನೇ ತೆಗೆದು ಹಾಕಿದ್ದರು. ದ್ವೇಷದಿಂದ ಅಲ್ಲ. ಬಿಸಿಲು ಸೀಮೆಯಲ್ಲಿ ಹಳೇ ಮಿಸ್ತ್ರಿಗಳ ರೂಢಿ ಅದು: ವಾಲ್ವ್ ಇಲ್ಲದಿದ್ದರೆ ನೀರು ಸದಾ ಸುತ್ತುತ್ತದೆ, ಇಂಜಿನ್ ಬಿಸಿಯಾಗಲ್ಲ, ಗಿರಾಕಿ ವಾಪಸ್ ಬಂದು ಬೈಯಲ್ಲ. ಹಳೇ ಕಾರ್ಬ್ಯುರೇಟರ್ ಗಾಡಿಯಲ್ಲಿ ನಡೆದುಹೋಗುತ್ತಿತ್ತೇನೋ. ಈಗಿನ ಗಾಡಿಯಲ್ಲಿ ಇಸಿಎಂ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಇಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಪೆಟ್ರೋಲ್ ಜಾಸ್ತಿ ಸುರಿಯುತ್ತಲೇ ಇರುತ್ತದೆ. ಆಯಿಲ್ ಕೂಡ ಸರಿಯಾಗಿ ಕಾಯುವುದಿಲ್ಲ, ಇಂಜಿನ್ ಬೇಗ ಸವೆಯುತ್ತದೆ.

ಥರ್ಮೋಸ್ಟಾಟ್, ಗ್ಯಾಸ್ಕೆಟ್, ಕೂಲಂಟ್, ಮಜೂರಿ ಎಲ್ಲ ಸೇರಿ 1,950 ರೂಪಾಯಿ. ರೇಡಿಯೇಟರ್‌ನಲ್ಲಿದ್ದದ್ದು ಬರೀ ಬೋರ್ ನೀರು, ತುಕ್ಕು ಬಣ್ಣಕ್ಕೆ ತಿರುಗಿತ್ತು. ಉಪ್ಪಿನ ಬೋರ್ ನೀರು ಒಳಗೆ ಪದರು ಕಟ್ಟುತ್ತದೆ, ಹಾಕಲೇಬಾರದು. ಹಾಗಂತ ಎಷ್ಟೋ ದಿನಕ್ಕೊಮ್ಮೆ ಬರುವ ಮಲಪ್ರಭಾ ನೀರನ್ನು ಕಾರಿಗೆ ಸುರಿಯುತ್ತೇನೆ ಅಂದರೆ ನಮ್ಮ ಮನೆಯಲ್ಲಿ ಊಟ ಸಿಗುವುದಿಲ್ಲ. ರೆಡಿ ಮಿಕ್ಸ್ ಕೂಲಂಟ್ ಕ್ಯಾನ್ ತಂದರೆ ಆಯಿತು.

ಇಷ್ಟು ಓದಿದ ಮೇಲೆ ಗ್ಯಾರೇಜ್ ಗೆದ್ದಿತು ಅಂದುಕೊಂಡಿರಾ? ತಡೆಯಿರಿ. ತೊಂದರೆ ಮಾಡಿದ್ದೂ ಒಂದು ಗ್ಯಾರೇಜೇ ಅಲ್ವಾ. ಮತ್ತೆ ಇದೇ ಗೋಕುಲ ರೋಡಿನ ಮಿಸ್ತ್ರಿ ಹತ್ತಿರ ನಾನು ಸೋತ ಕಥೆಯೂ ಇದೆ. ದಸರಾ ಹೊತ್ತಿಗೆ ಪವರ್ ಸ್ಟೀರಿಂಗ್ ದೀಪ ಹೊತ್ತಿಕೊಂಡು ಸ್ಟೀರಿಂಗ್ ಕಲ್ಲಾಯಿತು. ಇವನು ಬ್ಯಾಟರಿ ವಯರ್ ಬಿಚ್ಚಿ ಹತ್ತು ನಿಮಿಷ ಬಿಟ್ಟು ಹಾಕಿದ, ದೀಪ ಆರಿತು, 200 ರೂಪಾಯಿ. ಮೂರು ದಿನಕ್ಕೆ ಮತ್ತೆ ಹೊತ್ತಿತು. ಮತ್ತೆ ಬಿಚ್ಚಿದ, ಮತ್ತೆ ಹೊತ್ತಿತು. ಕೊನೆಗೆ ಅವನೇ 'ಇದು ನನ್ನ ಕೈಯಾಗಿಂದಲ್ರೀ ಸರ' ಅಂದ, ಆ ಪ್ರಾಮಾಣಿಕತೆಗೆ ಅವನನ್ನು ಇಷ್ಟಪಡುತ್ತೇನೆ. ಕಂಪನಿಯಲ್ಲಿ ಅವರದೇ ಸಾಫ್ಟ್‌ವೇರ್ ಇರುವ ಸ್ಕ್ಯಾನರ್ ಹಚ್ಚಿ ಅರ್ಧ ಗಂಟೆಯಲ್ಲಿ ಸೆನ್ಸರ್ ಅಂದರು, ಹಾಕಿ ಸ್ಟೀರಿಂಗ್ ನೇರ ಇರುವ ಜಾಗವನ್ನು ಮತ್ತೆ ಕಲಿಸಿ ಕೊಟ್ಟರು. ದುಡ್ಡು ಹೋಯಿತು, ದೀಪ ಮತ್ತೆ ಬರಲಿಲ್ಲ. ಏರ್‌ಬ್ಯಾಗ್, ಎಬಿಎಸ್, ಸ್ಟೀರಿಂಗ್, ಈ ಮೂರರ ದೀಪ ಹೊತ್ತಿದರೆ ನಾನು ಇನ್ನು ಯಾವ ಮಿಸ್ತ್ರಿ ಹತ್ತಿರವೂ ಹೋಗಲ್ಲ. ಗಾಡಿ ಇನ್ನೂ ವಾರಂಟಿಯಲ್ಲಿದ್ದರಂತೂ ಈ ಹೋಲಿಕೆಯೇ ಬೇಡ, ಕಂಪನಿಗೇ ಹೋಗಿ. ಹಾಗೇ ಕಂಪನಿಯ ವೆಬ್‌ಸೈಟಿನಲ್ಲಿ ನಿಮ್ಮ ಚಾಸಿ ನಂಬರ್ ಹಾಕಿ ರೀಕಾಲ್ ಏನಾದರೂ ಇದೆಯಾ ನೋಡಿಕೊಳ್ಳಿ, ಇದ್ದರೆ ಆ ಕೆಲಸ ಪುಕ್ಕಟೆ.

ಕ್ಲಚ್ ವಿಷಯದಲ್ಲಿ ಇಬ್ಬರನ್ನೂ ಕೇಳಿದೆ. ಕಂಪನಿ ಎಸ್ಟಿಮೇಟ್ 11,400. ಗ್ಯಾರೇಜಿನಲ್ಲಿ, ಕ್ಲಚ್ ಸೆಟ್ಟನ್ನು ನಾನೇ ಬಿಡಿಭಾಗದ ಅಂಗಡಿಯಿಂದ ಬಿಲ್ ಸಮೇತ 5,600ಕ್ಕೆ ತಂದುಕೊಟ್ಟು, ಮಜೂರಿ 2,000. ಅಂದರೆ 7,600. ಸೆಟ್ಟು ಅದೇ ಬ್ರ್ಯಾಂಡು, ಅದೇ ಡಬ್ಬಿ. ನಾನೇ ತಂದದ್ದಕ್ಕೆ ಕಾರಣ ಇದೆ. ಹಿಂದೊಮ್ಮೆ ಬ್ರೇಕ್ ಪ್ಯಾಡನ್ನು 'ನೀವೇ ಹಾಕಿಬಿಡ್ರಿ' ಅಂತ ಬಿಟ್ಟಿದ್ದೆ, ಯಾವುದೋ ಡೂಪ್ಲಿಕೇಟ್ ಬಂದು ಎರಡು ತಿಂಗಳು ಸಿಗ್ನಲ್ಲು ಸಿಗ್ನಲ್ಲಿಗೆ ಗಾಡಿ ಕಿರುಚಿತು. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳಿಗೆಲ್ಲ ಒಂದೇ ಶೇ. 18ರ ಜಿಎಸ್‌ಟಿ, ಮೊದಲು ಹಲವಕ್ಕೆ 28 ಇತ್ತು. ಹಾಗಾಗಿ ಹಳೇ ಎಸ್ಟಿಮೇಟ್ ಇಟ್ಟುಕೊಂಡಿದ್ದರೆ ಇನ್ನೊಮ್ಮೆ ಕೇಳಿ ನೋಡಿ. ಮಿಸ್ತ್ರಿ ಕ್ಲಚ್ ಕೆಲಸ ಚೆನ್ನಾಗಿ ಮಾಡಿದ. ಆದರೆ 'ಸಂಜಿಕ್ಕ ಒಯ್ರಿ' ಅಂದವನು ಕೊಟ್ಟಿದ್ದು ಮೂರನೇ ದಿನ. ಹುಡುಗ ಜಾತ್ರೆಗೆ ಊರಿಗೆ ಹೋಗಿದ್ದನಂತೆ. ಆ ಮೂರು ದಿನ ಚಿಗರಿಯೇ ಗತಿ.

ಮೂರನೇ ಸ್ಪರ್ಧಿ ನಾನೇ. ಹುಬ್ಬಳ್ಳಿ ಧೂಳಿಗೆ ಏರ್ ಫಿಲ್ಟರ್ ಎಷ್ಟು ಬೇಗ ಕಟ್ಟುತ್ತದೆ ಅಂದರೆ ಪುಸ್ತಕದಲ್ಲಿ ಬರೆದ ಕಿಲೋಮೀಟರಿಗೆ ಕಾಯಬಾರದು. ನಾಲ್ಕು ಕ್ಲಿಪ್ ಬಿಚ್ಚಿದರೆ ಬರುತ್ತದೆ, ಪಾನಾ ಕೂಡ ಬೇಡ. ಎಸಿ ಫಿಲ್ಟರ್ ಗ್ಲವ್ ಬಾಕ್ಸ್ ಹಿಂದೆ ಇದೆ, ಹತ್ತು ನಿಮಿಷದ ಕೆಲಸ. ಎರಡಕ್ಕೂ ಸೇರಿ ನನಗೆ 550 ಬಿತ್ತು. ಟೈರಿನ ಗಾಳಿ ಎಷ್ಟಿರಬೇಕು ಅಂತ ಡ್ರೈವರ್ ಬಾಗಿಲ ಹತ್ತಿರದ ಸ್ಟಿಕರ್‌ನಲ್ಲೇ ಇರುತ್ತದೆ, ಪಂಪುಗಳಲ್ಲಿ ಗಾಳಿ ಪುಕ್ಕಟೆ ಕೊಡಲೇಬೇಕು. ಬ್ಯಾಟರಿ ಟರ್ಮಿನಲ್, ವೈಪರ್ ಕೂಡ ಈಗ ನಾನೇ ನೋಡಿಕೊಳ್ಳುತ್ತೇನೆ. ಒಮ್ಮೆ ಹುಮ್ಮಸ್ಸಿನಲ್ಲಿ ಆಯಿಲ್ ಬದಲಿಸಲು ಹೋಗಿ ಅಂಗಳದ ಪರ್ಸಿಯನ್ನೆಲ್ಲ ಕಪ್ಪು ಮಾಡಿದೆ, ಅದರ ಬಗ್ಗೆ ಮನೆಯಲ್ಲಿ ಇನ್ನೂ ಮಾತು ಬರುತ್ತದೆ. ಆಯಿಲ್ ಈಗ ಮಿಸ್ತ್ರಿಗೆ.

ಥರ್ಮೋಸ್ಟಾಟ್ ಹಾಕಿಸಿದ ಮೇಲೆ ನಾಲ್ಕು ಟ್ಯಾಂಕ್ ಬರೆದಿಟ್ಟಿದ್ದೇನೆ: 15.9, 16.2, 16.3, 16.2. ನೀಲಿ ದೀಪ ಕೆಸಿಡಿ ಹತ್ತಿರವೇ ಆರುತ್ತದೆ. ಹಳೇ 16.8ಕ್ಕೆ ಇನ್ನೂ 0.6 ಬಾಕಿ, ಅಂದರೆ ಶೇ. 3.6. ಮಿಸ್ತ್ರಿಗೆ ಚೀಟಿ ತೋರಿಸಿದೆ. ಅವನು ನೋಡಿ, 'ಅದು ಪಂಪಿನ್ಯಾಗಿಂದ್ರೀ ಸರ, ನಮ್ಮದಲ್ಲ' ಅಂದು ಮುಂದಿನ ಗಾಡಿಯ ಕೆಳಗೆ ನುಸುಳಿದ.