ಮೇಪಲ್ ಬೋನ್ಸಾಯ್: ತಂತಿಯೋ, ಕತ್ತರಿಯೋ?

ಕುಂಡದಲ್ಲೇ ಗಿಡವನ್ನು ಪುಟ್ಟ ಮರದ ಹಾಗೆ ಬೆಳೆಸುವುದು ಬೋನ್ಸಾಯ್. ಅದರ ಕೊಂಬೆಗೆ ರೂಪ ಕೊಡಲು ತಂತಿ ಸುತ್ತಿ ಬಗ್ಗಿಸಬೇಕೋ, ಕತ್ತರಿಸುತ್ತಾ ಬರಬೇಕೋ? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕತ್ತರಿಗೆ. ತಂತಿಗೆ 1,200 ರೂಪಾಯಿ ಸುರಿದ ಮೇಲೆ ಬಂದ ಬುದ್ಧಿ ಇದು.

ಮೂರು ವರ್ಷದ ಹಿಂದೆ ಒಂದೇ ನರ್ಸರಿಯಿಂದ ಎರಡು ಜಪಾನಿ ಮೇಪಲ್ ಗಿಡ ತಂದೆ. ಎರಡೂ ಕಿರುಬೆರಳಿನ ದಪ್ಪ, ಮೊಣಕೈ ಉದ್ದ. ಬನಶಂಕರಿಯ ನಮ್ಮ ಮನೆಯಲ್ಲಿ ಪೂರ್ವಕ್ಕೊಂದು ಬಾಲ್ಕನಿ ಇದೆ. ಅಲ್ಲೇ ಅಕ್ಕಪಕ್ಕ ಇಟ್ಟೆ. ಒಂದಕ್ಕೆ ಅಲ್ಯುಮಿನಿಯಂ ತಂತಿ ಸುತ್ತಿ ಬಗ್ಗಿಸಿದೆ. ಇನ್ನೊಂದನ್ನು ಬರೀ ಕತ್ತರಿಸುತ್ತಾ ಬಂದೆ. ಹೀಗೆ ಕತ್ತರಿಸಿ ಕತ್ತರಿಸಿಯೇ ರೂಪ ಕೊಡುವುದಕ್ಕೆ ದಕ್ಷಿಣ ಚೀನಾದ ಲಿಂಗ್ನಾನ್ ಶೈಲಿ ಹೆಸರುವಾಸಿ.

ತಂತಿಯ ಮೋಜು ನಿಜ, ಸುಳ್ಳು ಹೇಳಬಾರದು. ಕೊಂಬೆಯ ದಪ್ಪದ ಮೂರನೇ ಒಂದು ಭಾಗದಷ್ಟಿರುವ ತಂತಿ ತಗೊಂಡು, 45 ಡಿಗ್ರಿ ಓರೆಯಲ್ಲಿ ಸುತ್ತಿ, ಮೆಲ್ಲಗೆ ಬಗ್ಗಿಸಿದರೆ ಆಯಿತು. ಪೊರಕೆಯಂತಿದ್ದ ಗಿಡ ಅರ್ಧ ಗಂಟೆಯಲ್ಲಿ ಹಳೇ ಮರದ ಹಾಗೆ ಕಾಣುತ್ತದೆ. ಅವತ್ತೇ ಫೋಟೋ ತೆಗೆದು ಊರಿಗೆಲ್ಲಾ ಕಳಿಸಿದೆ.

ಅದು ಜನವರಿ. ಏಪ್ರಿಲ್‌ನಲ್ಲಿ ಊರಿಗೆ ಹೋದವನು ಐದು ವಾರ ಅಲ್ಲೇ ಉಳಿದೆ. ನೀರಿಗೆ ಪಕ್ಕದ ಮನೆ ಹುಡುಗ ಇದ್ದ, ಪಾಪ ತಪ್ಪದೆ ಹಾಕಿದ್ದ. ತಂತಿ ನೋಡು ಅಂತ ಅವನಿಗೆ ನಾನು ಹೇಳಿರಲಿಲ್ಲ. ವಾಪಸ್ ಬಂದು ನೋಡಿದರೆ ತಂತಿ ಕೊಂಬೆಯೊಳಗೆ ಇಳಿದಿದೆ! ಎರಡೂ ಬದಿ ತೊಗಟೆ ಉಬ್ಬಿ, ನಡುವೆ ತಂತಿ ಹೂತುಹೋಗಿದೆ. ಎಲೆ ತಯಾರಿಸಿದ ಆಹಾರ ತೊಗಟೆಯ ಒಳಪದರದಲ್ಲೇ ಕೆಳಗಿಳಿಯುವುದು. ತಂತಿ ಅಲ್ಲಿ ಅಡ್ಡ ನಿಂತರೆ ಅದರ ಮೇಲ್ಭಾಗ ಊದಿಕೊಳ್ಳುತ್ತದೆ. ಜೊತೆಗೆ ಹೊಸ ಚಿಗುರಿನ ಕಾಲ, ಕೊಂಬೆ ದಪ್ಪವಾಗುವ ಹೊತ್ತು.

ಗಾಬರಿಯಲ್ಲಿ ಇನ್ನೊಂದು ತಪ್ಪು ಮಾಡಿದೆ. ತಂತಿಯನ್ನು ಬಿಚ್ಚಲು ಹೋದೆ. ಬಿಚ್ಚಬಾರದು, ಸುತ್ತು ಸುತ್ತಿಗೂ ತುಂಡರಿಸಿ ತೆಗೆಯಬೇಕು. ನನ್ನ ಕೈಗೆ ತಂತಿಯ ಜೊತೆ ತೊಗಟೆಯೂ ಬಂತು. ಮೇಪಲ್ ತೊಗಟೆ ತೆಳು, ನುಣುಪು. ಒರಟು ತೊಗಟೆಯ ಮರವಾಗಿದ್ದರೆ ಗುರುತು ಅದರಲ್ಲೇ ಮುಚ್ಚಿಹೋಗುತ್ತಿತ್ತು. ಇಲ್ಲಿ ಇವತ್ತಿಗೂ ಆ ಕೊಂಬೆ ಸ್ಕ್ರೂ ಮೊಳೆಯ ಹಾಗಿದೆ. ಬಂದವರೆಲ್ಲಾ ಮೊದಲು ಕೇಳುವುದೇ ಅದನ್ನು.

ಎಲೆ ಉದುರಿದ ಮೇಲೆ ತಂತಿ ಸುತ್ತಿ ಅನ್ನುತ್ತಾರೆ. ಸರಿ, ಆದರೆ ಬೆಂಗಳೂರಿನಲ್ಲಿ ಎಲೆ ಸರಿಯಾಗಿ ಉದುರಬೇಕಲ್ವಾ? ಮೇಪಲ್‌ಗೆ ಚೆನ್ನಾಗಿ ನಿದ್ದೆ ಹತ್ತಲು ವಾರಗಟ್ಟಲೆ ಒಳ್ಳೇ ಚಳಿ ಬೇಕು, ಸುಮಾರು 7 ಡಿಗ್ರಿಗಿಂತ ಕೆಳಗೆ. ನಮ್ಮೂರಿನ ದಾಖಲೆ ಚಳಿಯೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ! ನನ್ನ ಗಿಡಗಳು ಡಿಸೆಂಬರ್‌ನಲ್ಲಿ ಅರ್ಧ ಎಲೆ ಉದುರಿಸಿ, ಇನ್ನರ್ಧ ಅಂಚು ಸುಟ್ಟಂತೆ ಇಟ್ಟುಕೊಂಡು ತೂಕಡಿಸುತ್ತವೆ. ಅವು ಯಾವಾಗ ಎದ್ದು ದಪ್ಪವಾಗಲು ಶುರು ಮಾಡುತ್ತವೋ ಗೊತ್ತಾಗುವುದೇ ಇಲ್ಲ. ಹಾಗಾಗಿ ತಂತಿ ಸುತ್ತಿದರೆ ವಾರ ವಾರ ನೋಡುತ್ತಿರಬೇಕು.

ಕತ್ತರಿಯ ಗಿಡದ ಕಥೆಯಲ್ಲಿ ಇಷ್ಟು ನಾಟಕ ಇಲ್ಲ. ಮೇಪಲ್‌ನ ಎಲೆ, ಮೊಗ್ಗು ಎಲ್ಲ ಎದುರುಬದುರು ಜೋಡಿ. ಚಿಗುರು ಎರಡು ಮೂರು ಜೋಡಿ ಎಲೆ ಬಿಟ್ಟ ಮೇಲೆ ಮೊದಲ ಜೋಡಿಯ ಮೇಲೆ ಕತ್ತರಿಸುತ್ತೇನೆ. ಅಲ್ಲಿಂದ ಎರಡು ಕವಲು ಬರುತ್ತವೆ. ಬೇಕಾದ ದಿಕ್ಕಿನದನ್ನು ಉಳಿಸಿ ಇನ್ನೊಂದನ್ನು ತೆಗೆಯುತ್ತೇನೆ. ಮುಂದಿನ ಸಲ ದಿಕ್ಕು ಬದಲು. ಹೀಗೆ ಕೊಂಬೆ ತಾನಾಗಿ ಅಂಕುಡೊಂಕಾಗುತ್ತದೆ. ದಪ್ಪ ಕೊಂಬೆಯಾದರೆ ಮೊಗ್ಗಿನ ಮೇಲೆ ಒಂದಿಷ್ಟು ತುಂಡು ಬಿಟ್ಟು ಕತ್ತರಿಸಿ, ಮೇಪಲ್ ಕೊಯ್ದಲ್ಲಿಂದ ಕೆಳಕ್ಕೆ ಒಣಗುವುದುಂಟು. ಒಣಗಿದ ತುಂಡನ್ನು ಆಮೇಲೆ ತೆಗೆದರಾಯಿತು. ಜಡಿಮಳೆಯ ದಿನ ಕತ್ತರಿ ಮುಟ್ಟಬೇಡಿ.

ಇದರ ದೋಷ? ನಿಧಾನ. ಮೂರು ವರ್ಷಕ್ಕೆ ಮೂರು ತಿರುವು ಸಿಕ್ಕಿದೆ, ಅಷ್ಟೇ. ಮೇಲಕ್ಕೆ ನಿಗುರಿದ ಕೊಂಬೆಯನ್ನು ಕತ್ತರಿ ಕೆಳಗಿಳಿಸಲಾರದು. ಅಂಥ ಒಂದಕ್ಕೆ ಮಾತ್ರ ಹತ್ತಿದಾರ ಕಟ್ಟಿ, ಕುಂಡದ ಅಂಚಿಗೆ ಎಳೆದು ಬಿಟ್ಟಿದ್ದೇನೆ. ತೊಗಟೆಗೆ ತಾಗುವಲ್ಲಿ ಹಳೇ ಸೈಕಲ್ ಟ್ಯೂಬಿನ ಚೂರು. ಖರ್ಚು ಸೊನ್ನೆ.

ಖರ್ಚು ಅಂದಾಗ ನೆನಪಾಯಿತು. ಆಗಸ್ಟಿನಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ 350 ರೂಪಾಯಿಗೆ ಕೊಂಡ ಕತ್ತರಿ ಇನ್ನೂ ಹರಿತವಾಗಿದೆ. ಮೂರು ಅಳತೆಯ ತಂತಿ, ತಂತಿ ಕತ್ತರಿಸುವ ಇಕ್ಕಳ ಸೇರಿ ಆ 1,200.

ದಿನಾ ಗಿಡದ ಮುಂದೆ ಕೂರುವವರು, ರಜೆಗೆ ಊರು ಬಿಡದವರು ತಂತಿ ತಗೊಳ್ಳಿ, ಬೇಡ ಅನ್ನುವುದಿಲ್ಲ. ನಾನು ವರ್ಷಕ್ಕೆ ಎರಡು ಸಲ ಊರಿಗೆ ಹೋಗುವವನು, ಮರೆವು ಬೇರೆ ಜಾಸ್ತಿ. ಬರುವ ಜನವರಿಯಲ್ಲಿ ಆ ಸ್ಕ್ರೂ ಕೊಂಬೆಯನ್ನೂ ಬುಡದ ಹತ್ತಿರದ ಮೊಗ್ಗಿನವರೆಗೆ ಕತ್ತರಿಸಿ ಹೊಸದಾಗಿ ಬೆಳೆಸುತ್ತೇನೆ. ಉಳಿದ ತಂತಿ ತೊಂಡೆ ಬಳ್ಳಿಯ ಚಪ್ಪರಕ್ಕೆ ಹೋಗಿದೆ.