ಮಡಿಕೇರಿಯ ಸೃಜನಶೀಲ ವೃತ್ತಿ ತರಬೇತಿ: ಕಲಿಸಿದ್ದೇನು, ಉಳಿದದ್ದೇನು

ಪದವಿ ಮುಗಿಯುವ ಹೊತ್ತಿಗೆ ಕೊಡಗಿನ ಹೆಚ್ಚಿನ ಮಕ್ಕಳ ಕಣ್ಣಿಗೆ ಕಾಣುವ ದಾರಿಗಳು ಸೈನ್ಯ, ಬ್ಯಾಂಕ್ ಪರೀಕ್ಷೆ, ಬೆಂಗಳೂರಿನ ಕಂಪನಿ ಮತ್ತು ಮನೆಯ ತೋಟ. ಚಿತ್ರ ಬರೆಯುವ, ಫೋಟೋ ತೆಗೆಯುವ, ವಿಡಿಯೋ ಎಡಿಟ್ ಮಾಡುವ, ನಾಟಕಕ್ಕೆ ಬೆಳಕು ಹೊಂದಿಸುವ ಮಕ್ಕಳು ಎಲ್ಲ ಕಾಲೇಜುಗಳಲ್ಲೂ ಇದ್ದಾರೆ. ಆದರೆ ಅದನ್ನು ಬದುಕಿನ ಕಸುಬಾಗಿ ಆರಿಸಿಕೊಳ್ಳಬಹುದೇ ಎಂದು ಕೇಳಿದರೆ ಉತ್ತರಿಸುವವರು ಸಿಗುವುದಿಲ್ಲ. ಆ ಉತ್ತರ ಕೊಡುವ ಉದ್ದೇಶದಿಂದ ಮಡಿಕೇರಿಯಲ್ಲಿ ಚಿಕ್ಕ ಸಂಸ್ಥೆಯೊಂದು ವಾರಾಂತ್ಯಗಳಲ್ಲಿ ಮೂರು ತಿಂಗಳ ತರಬೇತಿ ನಡೆಸುತ್ತಿದ್ದು, ನಮ್ಮ ಕಾಲೇಜಿನ ಅಂತಿಮ ವರ್ಷದ ಕೆಲವು ವಿದ್ಯಾರ್ಥಿಗಳು ಅದರಲ್ಲಿ ಭಾಗವಹಿಸಿದರು. ವಾಣಿಜ್ಯ ವಿಭಾಗದ ಉಪನ್ಯಾಸಕಿಯಾಗಿ ಅವರ ಜೊತೆ ಹೋಗುವ ಹೊಣೆ ನನ್ನದಾಗಿದ್ದರಿಂದ ಹಲವು ತರಗತಿಗಳನ್ನು ನಾನೂ ಕುಳಿತು ಕೇಳಿದೆ. ಕೊರತೆಗಳನ್ನು ಬಿಡಿಸಿ ಹೇಳಬೇಕಾಗಿರುವುದರಿಂದ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇಂತಹ ಬೇರೆ ಯಾವ ತರಬೇತಿಗೆ ಸೇರುವವರಿಗೂ ಈ ವಿವರಗಳು ಉಪಯೋಗಕ್ಕೆ ಬಂದಾವು.

ತರಬೇತಿಯ ದೊಡ್ಡ ಗುಣವೆಂದರೆ ಅದು ಮುಂಬೈ, ಹೈದರಾಬಾದ್ ಸ್ಟುಡಿಯೋಗಳ ಕಥೆಯಿಂದ ಆರಂಭವಾಗುವುದಿಲ್ಲ. ತಮ್ಮ ತಾಲ್ಲೂಕಿನಲ್ಲಿ ಕಲೆಗೆ ಈಗಾಗಲೇ ಹಣ ಎಲ್ಲಿ ಖರ್ಚಾಗುತ್ತಿದೆ ಎಂಬುದನ್ನು ಹುಡುಕಿ ಬರೆದುಕೊಂಡು ಬರುವುದೇ ಮೊದಲ ಮನೆಗೆಲಸ. ಮಡಿಕೇರಿಯ ಮಕ್ಕಳು ದಸರಾ ದಶಮಂಟಪಗಳನ್ನು ಬರೆದರು. ವಿಜಯದಶಮಿಯ ರಾತ್ರಿಯಿಡೀ ಬೀದಿಯಲ್ಲಿ ಸಾಗುವ ಆ ಹತ್ತು ಮಂಟಪಗಳನ್ನು ಚಿಕ್ಕಂದಿನಿಂದ ನೋಡಿದ್ದ ಮಕ್ಕಳಿಗೆ, ಒಂದೊಂದು ಮಂಟಪದ ಹಿಂದೆ ಕಥೆ ಹೆಣೆಯುವವರು, ಮೂರ್ತಿ ಮಾಡುವವರು, ಕಬ್ಬಿಣದ ಚೌಕಟ್ಟು ಬೆಸೆಯುವವರು, ಮೂರ್ತಿಗಳಿಗೆ ಚಲನೆ ಕೊಡುವವರು, ಬೆಳಕು ಮತ್ತು ಧ್ವನಿಯನ್ನು ಹೊಂದಿಸುವವರು ಬೇರೆಬೇರೆಯಾಗಿ ದುಡಿಯುತ್ತಾರೆ ಎಂಬುದು ಲೆಕ್ಕ ಹಾಕಿದಾಗ ಮೊದಲ ಸಲ ಸ್ಪಷ್ಟವಾಯಿತು. ಆ ಪಟ್ಟಿಯನ್ನು ಮುಂದಿಟ್ಟುಕೊಂಡು ತರಬೇತುದಾರರು, ಇವುಗಳಲ್ಲಿ ಯಾವ ಕೆಲಸ ಜಿಲ್ಲೆಯ ಹೊರಗಿನವರಿಗೆ ಹೋಗುತ್ತಿದೆ, ಅದನ್ನು ಇಲ್ಲಿಯವರು ಮಾಡಬೇಕಾದರೆ ಏನು ಕಲಿಯಬೇಕು ಎಂದು ಚರ್ಚೆ ನಡೆಸಿದರು. ನಾನು ಕೇಳಿದ ತರಗತಿಗಳಲ್ಲಿ ಅತ್ಯುತ್ತಮವಾದುದು ಅದೇ. ನಾಪೋಕ್ಲು ಕಡೆಯ ವಿದ್ಯಾರ್ಥಿಯೊಬ್ಬ, 1997ರಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಉತ್ಸವವನ್ನು ಬರೆದುಕೊಂಡು ಬಂದಿದ್ದ. ಪ್ರತಿ ಸಲವೂ ಬೇರೆ ಕುಟುಂಬ ಆತಿಥ್ಯ ವಹಿಸುವುದರಿಂದ ಲಾಂಛನ, ಆಹ್ವಾನ ಪತ್ರಿಕೆ, ಸ್ಮರಣ ಸಂಚಿಕೆ, ನೇರ ಪ್ರಸಾರ, ವೀಕ್ಷಕ ವಿವರಣೆ ಎಲ್ಲವೂ ಹೊಸದಾಗಿ ಆಗಬೇಕು ಎಂಬ ಅವನ ಮಾತನ್ನು ಇಡೀ ತರಗತಿ ಟಿಪ್ಪಣಿ ಮಾಡಿಕೊಂಡಿತು.

ಎರಡನೆಯ ತಿಂಗಳ ಮುಖ್ಯ ಅಭ್ಯಾಸ ಕಾಫಿ ಪುಡಿಯ ಪೊಟ್ಟಣದ ವಿನ್ಯಾಸ. ಕೊಡಗಿನ ಅರೇಬಿಕಾ ಕಾಫಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ, ಅಂದರೆ ಈ ನೆಲದ ವಿಶಿಷ್ಟ ಉತ್ಪನ್ನವೆಂಬ ಗುರುತು, ದೊರೆತಿದೆ, ಸ್ವಂತ ಹೆಸರಿನಲ್ಲಿ ಪುಡಿ ಮಾರುವ ಸಣ್ಣ ಬೆಳೆಗಾರರೂ ಇದ್ದಾರೆ. ಹಾಗಾಗಿ ಇದು ಕೇವಲ ತರಗತಿಯ ಅಭ್ಯಾಸವಲ್ಲ, ನಾಳೆಯೇ ಕೈಗೆ ಬರಬಹುದಾದ ಕೆಲಸ. ಮಕ್ಕಳ ಮೊದಲ ವಿನ್ಯಾಸಗಳಲ್ಲಿ ಮಂಜು, ಬೆಟ್ಟ, ಕಾಫಿ ಹೂವು ಎಲ್ಲವೂ ಚೆನ್ನಾಗಿಯೇ ಮೂಡಿದ್ದವು. ಆದರೆ ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಿಕೆಯ ದಿನಾಂಕ, ಆಹಾರ ಸುರಕ್ಷತಾ ಪರವಾನಗಿ ಸಂಖ್ಯೆ, ಸಸ್ಯಾಹಾರದ ಹಸಿರು ಗುರುತು ಇವುಗಳಿಗೆ ಯಾರೂ ಜಾಗ ಬಿಟ್ಟಿರಲಿಲ್ಲ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿಯ ಪಾಲು ಶೇ 51ಕ್ಕಿಂತ ಕಡಿಮೆ ಇರುವಂತಿಲ್ಲ, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ನಮೂದಿಸಲೇಬೇಕು ಎಂಬ ನಿಯಮ ತಿಳಿದ ಮೇಲೆ ಎಲ್ಲರೂ ಮತ್ತೆ ಹೊಸದಾಗಿ ಆರಂಭಿಸಿದರು. ವಿನ್ಯಾಸಕಾರರಿಗೆ ಕೆಲಸ ಕೊಡುವವರು ಎಂತಹ ಅರಿವನ್ನು ನಿರೀಕ್ಷಿಸುತ್ತಾರೆ ಎಂಬುದನ್ನು ಉಪನ್ಯಾಸವಿಲ್ಲದೆ ಕಲಿಸಿದ ಈ ಕ್ರಮ ನನಗೆ ಬಹಳ ಮೆಚ್ಚುಗೆಯಾಯಿತು.

ಅದೇ ಕಡತವನ್ನು ಮುದ್ರಣಾಲಯಕ್ಕೆ ಕಳುಹಿಸುವ ಪಾಠವೂ ಅಷ್ಟೇ ಗಟ್ಟಿಯಾಗಿತ್ತು. ಮೊಬೈಲ್ ಪರದೆಗೆ ಸಾಲುವ ಚಿತ್ರ ಮುದ್ರಣಕ್ಕೆ ಸಾಲದು, ಇಂಚಿಗೆ 300 ಚುಕ್ಕಿಗಳ ಸಾಂದ್ರತೆ ಬೇಕು, ಕತ್ತರಿಸುವ ಅಂಚಿನ ಹೊರಗೆ 3 ಮಿಲಿಮೀಟರ್ ಬಣ್ಣ ಚಾಚಿರಬೇಕು ಎಂಬಿವು ಎಲ್ಲೆಡೆ ಕಲಿಸುವ ವಿಷಯಗಳು. ಕನ್ನಡದ ವಿಷಯಕ್ಕೆ ಬಂದಾಗ ಮಾತ್ರ ಈ ತರಬೇತಿ ಬೇರೆಡೆ ಸಿಗದ್ದನ್ನು ಕೊಟ್ಟಿತು. ಅನೇಕ ಮುದ್ರಣಾಲಯಗಳು ಇಂದಿಗೂ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರ ವಿನ್ಯಾಸಗಳಲ್ಲಿ ಕೆಲಸ ಮಾಡುತ್ತವೆ, ಮಕ್ಕಳು ಟೈಪ್ ಮಾಡುವುದು ಈಗ ಎಲ್ಲೆಡೆ ಬಳಕೆಯಲ್ಲಿರುವ ಅಕ್ಷರ ಸಂಕೇತವಾದ ಯುನಿಕೋಡ್‌ನಲ್ಲಿ. ಒಂದರಿಂದ ಇನ್ನೊಂದಕ್ಕೆ ಪಠ್ಯವನ್ನು ಸುಮ್ಮನೆ ಅಂಟಿಸಿದರೆ ಒತ್ತಕ್ಷರಗಳೆಲ್ಲ ಚದುರಿಹೋಗುತ್ತವೆ. ಪರಿವರ್ತಿಸುವ ವಿಧಾನವನ್ನೂ, ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ಪರೀಕ್ಷಿಸುವುದನ್ನೂ ತಾಳ್ಮೆಯಿಂದ ಕಲಿಸಿದರು. ಬಳಸಿದ ತಂತ್ರಾಂಶಗಳು ಇಂಕ್‌ಸ್ಕೇಪ್, ಕ್ರೀಟಾ, ಬ್ಲೆಂಡರ್‌ನಂತಹ ಉಚಿತ ತಂತ್ರಾಂಶಗಳೇ ಆದ್ದರಿಂದ ತರಬೇತಿ ಮುಗಿದ ಮೇಲೂ ಮಕ್ಕಳು ಚಂದಾ ಕಟ್ಟದೆ ಅಭ್ಯಾಸ ಮುಂದುವರಿಸಬಹುದು.

ವಾಣಿಜ್ಯ ಕಲಿಸುವವಳಾದ ನನಗೆ ಬೆಲೆ ಮತ್ತು ಹಕ್ಕಿನ ಪಾಠದ ಮೇಲೆ ಹೆಚ್ಚಿನ ನಿರೀಕ್ಷೆ ಇತ್ತು, ಅದು ಹುಸಿಯಾಗಲಿಲ್ಲ. ಹೋಮ್‌ಸ್ಟೇ ಒಂದರ ಫೋಟೋ ತೆಗೆಯಲು ಎಷ್ಟು ಕೇಳಬೇಕು ಎಂಬ ಪ್ರಶ್ನೆಗೆ ಮಕ್ಕಳು ಕೊಟ್ಟ ಮೊದಲ ಉತ್ತರದಲ್ಲಿ ಪ್ರಯಾಣದ ಖರ್ಚಾಗಲಿ, ಕ್ಯಾಮೆರಾದ ಸವಕಳಿಯಾಗಲಿ, ಮನೆಗೆ ಬಂದು ಚಿತ್ರ ತಿದ್ದುವ ಗಂಟೆಗಳಾಗಲಿ ಇರಲಿಲ್ಲ. ಲೆಕ್ಕ ಸರಿಪಡಿಸಿದ ಬಳಿಕ ಕೃತಿಸ್ವಾಮ್ಯದ ವಿಷಯ ಬಂತು. 1957ರ ಕಾಯ್ದೆಯ ಪ್ರಕಾರ ಕೃತಿ ರಚಿಸಿದವರೇ ಸಾಮಾನ್ಯವಾಗಿ ಅದರ ಮೊದಲ ಒಡೆಯರು. ಆದರೆ ಯಾರಾದರೂ ಹಣ ಕೊಟ್ಟು ಫೋಟೋ ತೆಗೆಸಿದ್ದರೆ, ವರ್ಣಚಿತ್ರ ಬರೆಸಿದ್ದರೆ ಅಥವಾ ಚಲನಚಿತ್ರ ಮಾಡಿಸಿದ್ದರೆ, ಬೇರೆ ಒಪ್ಪಂದ ಇಲ್ಲದ ಪಕ್ಷದಲ್ಲಿ ಹಕ್ಕು ಮಾಡಿಸಿದವರದ್ದಾಗುತ್ತದೆ. ಹಕ್ಕನ್ನು ಬರವಣಿಗೆಯಲ್ಲಿ ವಹಿಸಿಕೊಟ್ಟಾಗ ಅವಧಿಯನ್ನು ನಮೂದಿಸದಿದ್ದರೆ ಅದನ್ನು ಐದು ವರ್ಷ ಎಂದು ಪರಿಗಣಿಸಲಾಗುತ್ತದೆ. ಮದುವೆಯ ಫೋಟೋಗಳನ್ನೂ ರೆಸಾರ್ಟ್ ವಿಡಿಯೋಗಳನ್ನೂ ಬಾಯಿಮಾತಿನ ಮೇಲೆ ಮಾಡಿಕೊಡುತ್ತಿದ್ದ ಮಕ್ಕಳಿಗೆ ಇದು ಹೊಸ ತಿಳಿವಳಿಕೆ. ಮುಂಗಡ ಎಷ್ಟು, ತಿದ್ದುಪಡಿ ಎಷ್ಟು ಸಲ, ಮಾಡಿದ ಕೆಲಸವನ್ನು ತಮ್ಮ ಪೋರ್ಟ್‌ಫೋಲಿಯೋದಲ್ಲಿ ತೋರಿಸಲು ಅನುಮತಿ ಉಂಟೋ ಇಲ್ಲವೋ ಎಂಬುದನ್ನೆಲ್ಲ ಒಳಗೊಂಡ ಒಂದು ಪುಟದ ಕನ್ನಡ ಒಪ್ಪಂದದ ಮಾದರಿಯನ್ನು ಎಲ್ಲರಿಗೂ ಹಂಚಿದರು. ಶುಲ್ಕದ ಅರ್ಧ ಭಾಗ ಆ ಒಂದು ಹಾಳೆಗೇ ಸಂದಾಯವಾಯಿತು ಎಂದರೂ ನನ್ನ ಆಕ್ಷೇಪವಿಲ್ಲ.

ಉದ್ಯೋಗ ಸಂಪರ್ಕದ ವಿಷಯದಲ್ಲಿ ಮಾತ್ರ ಕೊಟ್ಟ ಭರವಸೆಗೂ ನಡೆದ ಕೆಲಸಕ್ಕೂ ಅಂತರ ಬಹಳ. ಕರಪತ್ರದಲ್ಲಿ ಇಂಟರ್ನ್‌ಶಿಪ್ ಎಂದಿತ್ತು. ಸಿಕ್ಕಿದ್ದು ಕೆಲವರಿಗೆ ಮಾತ್ರ, ಅದೂ ಸಂಬಳವಿಲ್ಲದೆ. ಮೂರ್ನಾಡಿನಿಂದಲೋ ಶನಿವಾರಸಂತೆಯಿಂದಲೋ ದಿನವೂ ಬಸ್ಸಿನಲ್ಲಿ ಬರುವ ವಿದ್ಯಾರ್ಥಿ ಕೈಯಿಂದ ಖರ್ಚು ಮಾಡಿ ಬೇರೆಯವರ ಸ್ಟುಡಿಯೋದಲ್ಲಿ ದುಡಿಯಬೇಕು ಎಂದರೆ ಆ ಅವಕಾಶ ಅನುಕೂಲವಂತರ ಮಕ್ಕಳಿಗೆ ಮಾತ್ರ ಉಳಿಯುತ್ತದೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ ನೋಂದಾಯಿಸಿದ ತರಬೇತಿಗೆ ಶಿಷ್ಯವೇತನ ಕೊಡುವುದು ಕಡ್ಡಾಯ, ಬಿ.ಎ., ಬಿ.ಕಾಂ. ಓದಿದವರಿಗೂ ಅದರಲ್ಲಿ ಅವಕಾಶವಿದೆ. ಜಿಲ್ಲೆಯ ಮುದ್ರಣಾಲಯ, ರೆಸಾರ್ಟ್ ಮತ್ತು ಕಾಫಿ ಸಂಸ್ಥೆಗಳನ್ನು ಆ ವ್ಯವಸ್ಥೆಯೊಳಗೆ ತರಲು ಸಂಸ್ಥೆ ಪ್ರಯತ್ನಿಸಬೇಕಿತ್ತು. ಸಂದರ್ಶನದ ತಯಾರಿಯೂ ತೆಳುವಾಗಿತ್ತು: ಸ್ವವಿವರ ಪತ್ರದ ಒಂದು ನಮೂನೆ ಕೊಟ್ಟು ಮುಗಿಸಿದರು. ತಾನು ಮಾಡಿದ ಕೆಲಸವನ್ನು ಎದುರಿಗಿರುವವರಿಗೆ ಹತ್ತು ನಿಮಿಷದಲ್ಲಿ ವಿವರಿಸುವ ಅಭ್ಯಾಸವೇ ನಮ್ಮ ಮಕ್ಕಳಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗಿತ್ತು.

ರಂಗಭೂಮಿ, ಸಂಗೀತ, ಧ್ವನಿ ಇವುಗಳಿಗೆ ಪಠ್ಯದಲ್ಲಿ ಸ್ಥಾನವೇ ಇಲ್ಲದಿರುವುದು ಇನ್ನೊಂದು ಕೊರತೆ. ಕೊಡವ ಭಾಷೆಗೂ ಅರೆಭಾಷೆಗೂ ಪ್ರತ್ಯೇಕ ಅಕಾಡೆಮಿಗಳಿರುವ, ಆಕಾಶವಾಣಿ ಕೇಂದ್ರವೂ ಇರುವ ಊರಿನಲ್ಲಿ ನಿರೂಪಣೆ, ಡಬ್ಬಿಂಗ್, ಉಪಶೀರ್ಷಿಕೆ ಬರೆಯುವುದು ಇವನ್ನು ವೃತ್ತಿಯೆಂದು ಪರಿಚಯಿಸದಿರುವುದು ನಷ್ಟವೇ ಸರಿ. ಎರಡು ಮೂರು ಭಾಷೆಗಳನ್ನು ಸಲೀಸಾಗಿ ಆಡುವುದು ಇಲ್ಲಿಯ ಮಕ್ಕಳಿಗೆ ಹುಟ್ಟಿನಿಂದ ಬಂದ ಬಂಡವಾಳ. ಮುಂದಿನ ಓದಿನ ಬಗೆಗಿನ ಮಾಹಿತಿ ಒಂದೇ ಗಂಟೆಯದಾದರೂ ಸರಿಯಾಗಿತ್ತು. ಮೈಸೂರಿನ ದೃಶ್ಯಕಲಾ ಕಾಲೇಜು ಕಾವಾ, ಬೆಂಗಳೂರಿನ ಚಿತ್ರಕಲಾ ಪರಿಷತ್ತು, 1980ರಿಂದ ನಡೆಯುತ್ತಿರುವ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ ಇವೆಲ್ಲ ಪ್ರಸ್ತಾಪವಾದವು. ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಬೆಂಗಳೂರು ಆವರಣದಲ್ಲಿ ಇರುವುದು ಸ್ನಾತಕೋತ್ತರ ವ್ಯಾಸಂಗ ಎಂಬುದನ್ನೂ ಸ್ಪಷ್ಟಪಡಿಸಿದರು.

ಪೋಷಕರ ಸಭೆಯಲ್ಲಿ ತಂದೆಯೊಬ್ಬರು ಎದ್ದು, "ಮೇಡಂ, ಇದನ್ನು ಕಲಿತರೆ ತಿಂಗಳು ತಿಂಗಳು ಸಂಬಳ ಬರುತ್ತದೆಯೇ?" ಎಂದು ಕೇಳಿದರು. ತರಬೇತುದಾರರು ಯಾವ ಆಕರ್ಷಕ ಮೊತ್ತವನ್ನೂ ಹೇಳದೆ, ಮೊದಲ ವರ್ಷ ಆದಾಯ ಏರುಪೇರಾಗಿರುತ್ತದೆ, ಪ್ರವಾಸಿಗರ ಮತ್ತು ಮದುವೆಗಳ ಕಾಲದಲ್ಲಿ ಹೆಚ್ಚು, ಮಳೆಗಾಲದಲ್ಲಿ ಕಡಿಮೆ, ಆದ್ದರಿಂದ ಜೊತೆಗೊಂದು ಅರೆಕಾಲಿಕ ಕೆಲಸ ಇಟ್ಟುಕೊಳ್ಳುವುದು ಕ್ಷೇಮ ಎಂದು ನೇರವಾಗಿ ಉತ್ತರಿಸಿದರು. ಆ ಪ್ರಾಮಾಣಿಕತೆಗಾಗಿಯೇ ನಾನು ಈ ಸಂಸ್ಥೆಯ ಮೇಲೆ ವಿಶ್ವಾಸವಿಟ್ಟಿದ್ದೇನೆ.

ಚಿತ್ರ, ಛಾಯಾಗ್ರಹಣ, ವಿನ್ಯಾಸದಲ್ಲಿ ಈಗಾಗಲೇ ಸ್ವಲ್ಪ ಕೈ ಪಳಗಿಸಿಕೊಂಡಿರುವ, ಅದನ್ನು ದುಡಿಮೆಯಾಗಿಸುವ ದಾರಿ ತಿಳಿಯದ ಪದವಿ ವಿದ್ಯಾರ್ಥಿಗಳಿಗೆ ಈ ತರಬೇತಿಯನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ನಟನೆ ಅಥವಾ ಸಂಗೀತದತ್ತ ಒಲವಿರುವವರು ಇದಕ್ಕಾಗಿ ಹಣ ಕಟ್ಟುವುದು ಬೇಡ. ಸೇರುವವರು ಜೂನ್‌ನಿಂದ ಆಗಸ್ಟ್‌ವರೆಗಿನ ತಂಡವನ್ನು ತಪ್ಪಿಸಿ ಮಳೆ ನಿಂತ ಮೇಲಿನ ತಂಡವನ್ನು ಆರಿಸಿಕೊಳ್ಳಬೇಕು. ಮಳೆಗಾಲದಲ್ಲಿ ಕರೆಂಟ್ ಹೋಗಿ ತರಗತಿ ನಿಲ್ಲುತ್ತದೆ, ಸಂಜೆ ತಡವಾದರೆ ಹಳ್ಳಿಯ ಕಡೆಗೆ ಬಸ್ಸೂ ಸಿಗುವುದಿಲ್ಲ. ಸ್ವಂತ ಲ್ಯಾಪ್‌ಟಾಪ್ ಇಲ್ಲದವರು ಅರ್ಜಿ ಕೊಡುವಾಗಲೇ ತಿಳಿಸಿದರೆ ಕೇಂದ್ರದ ಗಣಕಯಂತ್ರವನ್ನು ಕಾಯ್ದಿರಿಸುತ್ತಾರೆ. ಶುಲ್ಕವನ್ನು ಎರಡು ಕಂತುಗಳಲ್ಲಿ ಕಟ್ಟುವ ಅವಕಾಶ ಕೇಳಿದವರಿಗೆ ಮಾತ್ರ ಸಿಗುತ್ತದೆ, ಆದ್ದರಿಂದ ಸೇರುವ ದಿನವೇ ಕೇಳಿ. ಇಂಟರ್ನ್‌ಶಿಪ್ ಎಲ್ಲಿ, ಎಷ್ಟು ದಿನ, ಶಿಷ್ಯವೇತನ ಎಷ್ಟು ಎಂಬುದನ್ನು ಹಣ ಕಟ್ಟುವ ಮೊದಲು ಬರವಣಿಗೆಯಲ್ಲಿ ಪಡೆದುಕೊಳ್ಳಿ.